ಮುಟ್ಟಿನ ನೋವೆಲ್ಲ ಸಹಜವಲ್ಲ: ಎಂಡೊಮೆಟ್ರಿಯೋಸಿಸ್ ಲಕ್ಷಣ, ಪತ್ತೆ ಮತ್ತು ಚಿಕಿತ್ಸೆ

ಹಿರಿಯಡ್ಕ: ಪ್ರತಿ ತಿಂಗಳು ಎರಡು-ಮೂರು ದಿನ ಕಾಲೇಜಿಗೋ ಕೆಲಸಕ್ಕೋ ಹೋಗಲಾಗದಷ್ಟು ಕಿಬ್ಬೊಟ್ಟೆ ನೋವು, ಮಾತ್ರೆ ನುಂಗಿದರೂ ಇಳಿಯದ ಸೆಳೆತ. ಮನೆಯಲ್ಲಿ ಹೇಳಿಕೊಂಡರೆ ಜೀರಿಗೆ, ಓಮ ಅಥವಾ ಮೆಂತೆಯ ಕಷಾಯ ಸಿಗುತ್ತದೆ. ಜತೆಗೆ "ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ", "ಮದುವೆಯಾಗಿ ಒಂದು ಮಗುವಾದರೆ ತನ್ನಿಂದ ತಾನೇ ಸರಿಹೋಗುತ್ತದೆ" ಎಂಬ ಸಮಾಧಾನದ ಮಾತೂ ಸಿಗುತ್ತದೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಈ ಸಮಾಧಾನದ ಮರೆಯಲ್ಲಿ ಒಂದು ನಿಜವಾದ ಕಾಯಿಲೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿದುಬಿಡಬಹುದು. ಆ ಕಾಯಿಲೆಯ ಹೆಸರು ಎಂಡೊಮೆಟ್ರಿಯೋಸಿಸ್.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರು ಮತ್ತು ಬಾಲಕಿಯರ ಪೈಕಿ ಸುಮಾರು ಶೇ. 10ರಷ್ಟು ಮಂದಿಗೆ, ಅಂದರೆ ಸುಮಾರು 19 ಕೋಟಿ ಜನರಿಗೆ ಈ ಕಾಯಿಲೆ ಇದೆ. ಇಷ್ಟು ವ್ಯಾಪಕವಾಗಿದ್ದರೂ ಮಧುಮೇಹ ಅಥವಾ ಥೈರಾಯ್ಡ್‌ನಂತೆ ಇದರ ಹೆಸರು ಜನರ ಬಾಯಲ್ಲಿಲ್ಲ. ಮುಟ್ಟಿನ ವಿಚಾರವನ್ನು ಮನೆಯೊಳಗೂ ತಗ್ಗಿದ ದನಿಯಲ್ಲೇ ಆಡುವ ರೂಢಿ ಇದಕ್ಕೆ ಮುಖ್ಯ ಕಾರಣ.

ಹಿರಿಯಡ್ಕದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಉಡುಪಿಯಿಂದ ಆಗುಂಬೆಯತ್ತ ಸಾಗುವ ಹೆದ್ದಾರಿಯಲ್ಲಿರುವ ಈ ಪೇಟೆಯಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಮತ್ತು ಅದರ ಆಸ್ಪತ್ರೆ ಅಲ್ಲಿವೆ. ಉಡುಪಿಯಲ್ಲಿ ಸರಕಾರಿ ತಾಯಿ-ಮಕ್ಕಳ ಆಸ್ಪತ್ರೆ ಇದೆ. ಕಾರ್ಕಳದಲ್ಲಿ ತಾಲೂಕು ಆಸ್ಪತ್ರೆ ಇದೆ. ರಾಜ್ಯದ ಅನೇಕ ತಾಲೂಕುಗಳಿಗೆ ಈ ಅನುಕೂಲ ಇಲ್ಲ. ಆದರೂ ವೈದ್ಯರು ಹತ್ತಿರವಿದ್ದ ಮಾತ್ರಕ್ಕೆ ಕಾಯಿಲೆ ಬೇಗ ಪತ್ತೆಯಾಗುವುದಿಲ್ಲ. ನೋವನ್ನು ನೋವೆಂದು ಒಪ್ಪಿಕೊಂಡು ಬಸ್ಸು ಹತ್ತುವ ತೀರ್ಮಾನ ಮೊದಲು ಮನೆಯಲ್ಲಿ ಆಗಬೇಕು. ಬಹುಪಾಲು ವಿಳಂಬ ಆಗುವುದು ಅಲ್ಲಿಯೇ.

ಏನಿದು ಕಾಯಿಲೆ?

ಗರ್ಭಕೋಶದ ಒಳಗೋಡೆಯನ್ನು ಹೊದ್ದಿರುವ ಪದರವನ್ನು ವೈದ್ಯರು ಎಂಡೊಮೆಟ್ರಿಯಂ ಎನ್ನುತ್ತಾರೆ. ಪ್ರತಿ ತಿಂಗಳು ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ಈ ಪದರ ದಪ್ಪವಾಗುತ್ತದೆ. ಗರ್ಭ ನಿಲ್ಲದಿದ್ದರೆ ಅದು ಕಳಚಿ ರಕ್ತದೊಂದಿಗೆ ಹೊರಬರುತ್ತದೆ. ಇದೇ ಮುಟ್ಟು.

ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಈ ಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೂ ಬೆಳೆಯುತ್ತದೆ. ಅಂಡಾಶಯ, ಅಂಡನಾಳ, ಗರ್ಭಕೋಶದ ಹಿಂಭಾಗ, ಕಿಬ್ಬೊಟ್ಟೆಯ ಒಳಪೊರೆ, ಮೂತ್ರಕೋಶ ಹಾಗೂ ಕರುಳಿನ ಮೇಲೆ ಇದು ಸಾಮಾನ್ಯವಾಗಿ ಕಂಡುಬರುತ್ತದೆ. ಅಪರೂಪಕ್ಕೆ ಹೊಕ್ಕುಳು, ಶ್ವಾಸಕೋಶದ ಪೊರೆಯಂತಹ ದೂರದ ಜಾಗಗಳಲ್ಲೂ ಕಾಣಿಸಿಕೊಳ್ಳುವುದುಂಟು. ಸಿಸೇರಿಯನ್ ಆದವರಲ್ಲಿ ಹೊಲಿಗೆಯ ಗಾಯದ ಜಾಗದಲ್ಲಿ ಗಂಟು ಮೂಡಿ, ಮುಟ್ಟಿನ ದಿನಗಳಲ್ಲಿ ಮಾತ್ರ ಅದು ಊದಿ ನೋಯುತ್ತಿದ್ದರೆ ಅದೂ ಇದೇ ಕಾಯಿಲೆಯ ಸೂಚನೆ ಇರಬಹುದು.

ಹೊರಗೆ ಬೆಳೆದ ಈ ಅಂಗಾಂಶವೂ ಹಾರ್ಮೋನಿನ ಏರಿಳಿತಕ್ಕೆ ಸ್ಪಂದಿಸುತ್ತದೆ. ಆದರೆ ಅಲ್ಲಿ ಒಸರಿದ ರಕ್ತಕ್ಕೆ ಹೊರಹೋಗಲು ದಾರಿ ಇಲ್ಲ. ಅದು ಸುತ್ತಲಿನ ಭಾಗವನ್ನು ಕೆರಳಿಸಿ ಉರಿಯೂತ ಉಂಟುಮಾಡುತ್ತದೆ. ಕ್ರಮೇಣ ಕಲೆಗಟ್ಟಿದ ನಾರಿನ ಎಳೆಗಳು ಬೆಳೆದು ಅಂಗಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ಅಂಡಾಶಯದೊಳಗೆ ಹಳೆಯ ರಕ್ತ ಸಂಗ್ರಹವಾಗಿ ಕಂದುಬಣ್ಣದ ಮಂದ ದ್ರವ ತುಂಬಿದ ಚೀಲವಾದರೆ ಅದನ್ನು 'ಚಾಕೊಲೇಟ್ ಸಿಸ್ಟ್' ಎನ್ನುತ್ತಾರೆ. ಸ್ಕ್ಯಾನಿಂಗ್ ವರದಿಗಳಲ್ಲಿ ಇದೇ 'ಎಂಡೊಮೆಟ್ರಿಯೋಮ' ಎಂದು ನಮೂದಾಗಿರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಕೇಳಿಬರುವ ಪಿಸಿಓಎಸ್‌ಗೂ ಇದಕ್ಕೂ ಸಂಬಂಧ ಕಲ್ಪಿಸಬಾರದು. ಪಿಸಿಓಎಸ್‌ನಲ್ಲಿ ಮುಟ್ಟು ತಪ್ಪುವುದು, ಮೊಡವೆ, ಅನಗತ್ಯ ಕೂದಲು ಮುಖ್ಯ ಲಕ್ಷಣಗಳಾದರೆ ಇಲ್ಲಿ ನೋವೇ ಮುಖ್ಯ. ಇಂತಹುದೇ ಅಂಗಾಂಶ ಗರ್ಭಕೋಶದ ಸ್ನಾಯುವಿನ ಗೋಡೆಯೊಳಗೆ ಬೆಳೆದರೆ ಅದನ್ನು ಅಡಿನೊಮಯೋಸಿಸ್ ಎನ್ನುತ್ತಾರೆ. ಒಬ್ಬರಲ್ಲಿಯೇ ಇವೆರಡೂ ಇರಬಹುದು.

ಕಾರಣವೇನು?

ಇದಕ್ಕೆ ಒಂದೇ ಕಾರಣವನ್ನು ಬೆರಳು ಮಾಡಿ ತೋರಿಸಲು ವಿಜ್ಞಾನಕ್ಕೆ ಇನ್ನೂ ಸಾಧ್ಯವಾಗಿಲ್ಲ. ಮುಟ್ಟಿನ ರಕ್ತದ ಒಂದು ಪಾಲು ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಕಿಬ್ಬೊಟ್ಟೆಗೆ ಹರಿದು, ಅದರಲ್ಲಿರುವ ಜೀವಕೋಶಗಳು ಅಲ್ಲಿ ಬೇರೂರುತ್ತವೆ ಎಂಬ ವಾದವನ್ನು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಮಂಡಿಸಿದರು. ಇಂದಿಗೂ ಹೆಚ್ಚು ಮನ್ನಣೆ ಇರುವುದು ಇದಕ್ಕೇ. ಆದರೆ ಇಂತಹ ಹಿಮ್ಮುಖ ಹರಿವು ಬಹುಪಾಲು ಮಹಿಳೆಯರಲ್ಲಿ ಆಗುತ್ತದೆ. ಕಾಯಿಲೆ ಬರುವುದು ಕೆಲವರಿಗೆ ಮಾತ್ರ. ಹಾಗಾಗಿ ರೋಗನಿರೋಧಕ ವ್ಯವಸ್ಥೆ, ಹಾರ್ಮೋನು ಹಾಗೂ ವಂಶವಾಹಿಗಳ ಪಾತ್ರವೂ ಇದೆ ಎಂದು ತಜ್ಞರು ನಂಬುತ್ತಾರೆ.

2023ರಲ್ಲಿ ಪ್ರಕಟವಾದ ಒಂದು ಅಂತಾರಾಷ್ಟ್ರೀಯ ಅಧ್ಯಯನವು ಈ ಕಾಯಿಲೆಯುಳ್ಳ 60 ಸಾವಿರಕ್ಕೂ ಅಧಿಕ ಮಹಿಳೆಯರ ವಂಶವಾಹಿಗಳನ್ನು ಪರಿಶೀಲಿಸಿ, ಅಪಾಯ ಹೆಚ್ಚಿಸುವ 42 ತಾಣಗಳನ್ನು ಗುರುತಿಸಿತು. ತಾಯಿ ಅಥವಾ ಅಕ್ಕತಂಗಿಯರಿಗೆ ಈ ತೊಂದರೆ ಇದ್ದರೆ ಉಳಿದವರಿಗೂ ಬರುವ ಸಾಧ್ಯತೆ ಹೆಚ್ಚು ಎಂಬುದು ಮೊದಲೇ ತಿಳಿದಿತ್ತು. "ನನಗೂ ಹೀಗೆಯೇ ನೋಯುತ್ತಿತ್ತು, ನಾನು ಸಹಿಸಲಿಲ್ಲವೇ?" ಎಂದು ತಾಯಿ ಮಗಳಿಗೆ ಹೇಳುವ ಮಾತಿಗೆ ಈ ಹಿನ್ನೆಲೆಯಲ್ಲಿ ಬೇರೆಯೇ ಅರ್ಥ ಬರುತ್ತದೆ. ಆ ಮಾತು ಮಗಳನ್ನು ಸುಮ್ಮನಿರಿಸಲು ಕಾರಣವಾಗಬಾರದು. ವೈದ್ಯರಿಗೆ ತಿಳಿಸಬೇಕಾದ ಕುಟುಂಬದ ಇತಿಹಾಸ ಅದು.

ಒಂದು ಸಂಗತಿಯಂತೂ ನಿಶ್ಚಿತ. ಆಹಾರದ ಪಥ್ಯ ಮುರಿದದ್ದು, ಭಾರ ಎತ್ತಿದ್ದು, ಮಡಿ-ಮೈಲಿಗೆ ಪಾಲಿಸದಿರುವುದು ಇವಾವುವೂ ಇದಕ್ಕೆ ಕಾರಣವಲ್ಲ. ಇದು ಅಂಟುರೋಗವೂ ಅಲ್ಲ.

ಲಕ್ಷಣಗಳನ್ನು ಗುರುತಿಸುವುದು ಹೇಗೆ?

ಮುಟ್ಟಿನ ಮೊದಲ ಒಂದೆರಡು ದಿನ ಗರ್ಭಕೋಶ ಸಂಕುಚಿಸುವುದರಿಂದ ಸ್ವಲ್ಪ ನೋವು ಇರುವುದು ಸಹಜ. ಆ ನೋವು ಸಾಮಾನ್ಯವಾಗಿ ಸ್ರಾವದೊಂದಿಗೇ ಆರಂಭವಾಗಿ ಎರಡು-ಮೂರು ದಿನಗಳಲ್ಲಿ ಇಳಿಯುತ್ತದೆ. ಬಿಸಿನೀರಿನ ಶಾಖ, ವಿಶ್ರಾಂತಿ, ಸಾಮಾನ್ಯ ನೋವಿನ ಮಾತ್ರೆಗೆ ಅದು ಬಗ್ಗುತ್ತದೆ. ಕೆಳಗಿನವು ಕಂಡುಬಂದರೆ ಮಾತ್ರ ಅದನ್ನು ಸಹಜವೆಂದು ಬಿಡಲಾಗದು:

* ಸ್ರಾವ ಆರಂಭವಾಗುವ ಕೆಲವು ದಿನ ಮೊದಲೇ ಶುರುವಾಗಿ, ಮುಗಿದ ಮೇಲೂ ಮುಂದುವರಿಯುವ ನೋವು. ವರ್ಷದಿಂದ ವರ್ಷಕ್ಕೆ ಏರುತ್ತಿರುವ ನೋವು.
* ತರಗತಿ, ಪರೀಕ್ಷೆ, ಕೆಲಸ ತಪ್ಪಿಸುವಷ್ಟು ತೀವ್ರತೆ, ಮಾತ್ರೆಗೆ ಬಗ್ಗದಿರುವುದು.
* ಸೊಂಟ, ಬೆನ್ನಿನ ಕೆಳಭಾಗ, ತೊಡೆಗಳಿಗೆ ಹರಡುವ ಸೆಳೆತ.
* ಮುಟ್ಟಿನ ದಿನಗಳಲ್ಲಿ ಮಲ ಅಥವಾ ಮೂತ್ರ ವಿಸರ್ಜಿಸುವಾಗ ನೋವು. ಕೆಲವೊಮ್ಮೆ ಅದರಲ್ಲಿ ರಕ್ತ.
* ಲೈಂಗಿಕ ಸಂಪರ್ಕದ ವೇಳೆ ಅಥವಾ ನಂತರ ಕಿಬ್ಬೊಟ್ಟೆಯ ಆಳದಲ್ಲಿ ನೋವು.
* ಮುಟ್ಟಿಗೆ ಸಂಬಂಧವಿಲ್ಲದ ದಿನಗಳಲ್ಲೂ ಕಾಡುವ ಕಿಬ್ಬೊಟ್ಟೆ ನೋವು.
* ಹೊಟ್ಟೆಯುಬ್ಬರ, ವಾಕರಿಕೆ, ಭೇದಿ ಅಥವಾ ಮಲಬದ್ಧತೆ, ವಿವರಿಸಲಾಗದ ಆಯಾಸ.
* ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿರುವುದು.

ಇವೆಲ್ಲವೂ ಒಬ್ಬರಲ್ಲೇ ಇರಬೇಕೆಂದಿಲ್ಲ. ಕೆಲವರಿಗೆ ಯಾವ ನೋವೂ ಇರುವುದಿಲ್ಲ; ಮಕ್ಕಳಾಗಲಿಲ್ಲವೆಂದು ತಪಾಸಣೆಗೆ ಹೋದಾಗಲೇ ಕಾಯಿಲೆ ಬಯಲಾಗುತ್ತದೆ. ಕಾಯಿಲೆಯ ವ್ಯಾಪ್ತಿಯನ್ನು ವೈದ್ಯರು ಒಂದರಿಂದ ನಾಲ್ಕರವರೆಗೆ ಹಂತಗಳಾಗಿ ವಿಂಗಡಿಸುತ್ತಾರೆ. ಆದರೆ ಹಂತಕ್ಕೂ ನೋವಿಗೂ ತಾಳೆ ಇರಲೇಬೇಕೆಂದಿಲ್ಲ. ಮೊದಲ ಹಂತದಲ್ಲೇ ಹಾಸಿಗೆ ಹಿಡಿಯುವವರಿದ್ದಾರೆ. ನಾಲ್ಕನೆಯ ಹಂತದಲ್ಲೂ ನೋವಿಲ್ಲದೆ ಓಡಾಡುವವರಿದ್ದಾರೆ.

ವರ್ಷಗಟ್ಟಲೆ ವಿಳಂಬವೇಕೆ?

ಮುಂದುವರಿದ ದೇಶಗಳಲ್ಲೂ ಪರಿಸ್ಥಿತಿ ಉತ್ತಮವಾಗಿಲ್ಲ. ಬ್ರಿಟನ್ನಿನ ರೋಗಿಗಳ ಸಂಸ್ಥೆ 'ಎಂಡೊಮೆಟ್ರಿಯೋಸಿಸ್ ಯುಕೆ' 2024ರಲ್ಲಿ ಹೊರತಂದ ವರದಿಯ ಪ್ರಕಾರ ಅಲ್ಲಿ ಕಾಯಿಲೆ ಖಚಿತವಾಗಲು ಸರಾಸರಿ 8 ವರ್ಷ 10 ತಿಂಗಳು ಹಿಡಿಯುತ್ತದೆ. ನೋವು ಹೊಟ್ಟೆಯದಾದ್ದರಿಂದ ಮೊದಲು ಗ್ಯಾಸ್ಟ್ರಿಕ್, ಮೂತ್ರದ ಸೋಂಕು, ಅಪೆಂಡಿಕ್ಸ್ ಅಥವಾ ಕರುಳಿನ ತೊಂದರೆ ಎಂದು ಚಿಕಿತ್ಸೆ ನಡೆಯುವುದೂ ವಿಳಂಬಕ್ಕೆ ಒಂದು ಕಾರಣ.

ನಮ್ಮಲ್ಲಿ ಇದರ ಜತೆಗೆ ಬೇರೆ ಅಡಚಣೆಗಳೂ ಸೇರಿಕೊಳ್ಳುತ್ತವೆ. ಅವಿವಾಹಿತ ಯುವತಿಯನ್ನು ಸ್ತ್ರೀರೋಗ ತಜ್ಞರ ಬಳಿ ಕರೆದೊಯ್ದರೆ ನೋಡಿದವರು ಏನೆಂದುಕೊಂಡಾರು ಎಂಬ ಅಳುಕು ಅನೇಕ ಮನೆಗಳಲ್ಲಿದೆ. 'ಗರ್ಭಕೋಶದ ತೊಂದರೆ' ಎಂಬ ಮಾತು ಹೊರಬಿದ್ದರೆ ಸಂಬಂಧ ಕೂಡಿಬರುವುದಕ್ಕೆ ಅಡ್ಡಿಯಾದೀತು ಎಂಬ ಭಯ ಇನ್ನೊಂದು. ಹುಡುಗಿಯರಲ್ಲಿ ಈ ಕಾಯಿಲೆಯ ಲಕ್ಷಣಗಳು ಹರೆಯದಲ್ಲೇ ಆರಂಭವಾಗುವುದುಂಟು. ಆ ವಯಸ್ಸಿನಲ್ಲೇ ಮುಚ್ಚಿಟ್ಟರೆ ಮುಂದೆ ಮದುವೆಯ ಬಳಿಕ, ಮಕ್ಕಳಾಗಲಿಲ್ಲವೆಂಬ ಒತ್ತಡದ ನಡುವೆ ಅದು ಹೊರಬೀಳುತ್ತದೆ. ಯಾವುದನ್ನು ತಪ್ಪಿಸಲು ಮುಚ್ಚಿಡಲಾಯಿತೋ ಅದೇ ಎದುರಾಗುತ್ತದೆ.

ದುಡಿಮೆಯ ಸ್ವರೂಪವೂ ನೋವನ್ನು ಮುಚ್ಚಿಡಲು ಕಾರಣವಾಗುತ್ತದೆ. ಹಿರಿಯಡ್ಕ, ಕಾರ್ಕಳ ಪರಿಸರದಲ್ಲಿ ಗೇರುಬೀಜ ಕಾರ್ಖಾನೆಗಳಲ್ಲಿ ದುಡಿಯುವವರೂ, ಮನೆಯಲ್ಲೇ ಬೀಡಿ ಕಟ್ಟುವವರೂ ಹೆಚ್ಚಾಗಿ ಮಹಿಳೆಯರು. ಬೀಡಿಗೆ ಲೆಕ್ಕದ ಮೇಲೆ ಕೂಲಿ. ನೋವೆಂದು ಒಂದು ದಿನ ಮಲಗಿದರೆ, ಆಸ್ಪತ್ರೆಗೆಂದು ಒಂದು ದಿನ ಹೋದರೆ ಆ ದಿನದ ಸಂಪಾದನೆ ಇಲ್ಲ. ಹಾಗಾಗಿ ಔಷಧ ಅಂಗಡಿಯ ಮಾತ್ರೆಯೇ ವರ್ಷಗಟ್ಟಲೆ ವೈದ್ಯನ ಸ್ಥಾನದಲ್ಲಿರುತ್ತದೆ.

ಯಾವ ಪರೀಕ್ಷೆಗಳು ಅಗತ್ಯ?

ಮೊದಲನೆಯದು ರೋಗಿಯ ಮಾತನ್ನು ವೈದ್ಯರು ತಾಳ್ಮೆಯಿಂದ ಕೇಳಿಸಿಕೊಳ್ಳುವುದು. ನೋವು ಯಾವಾಗ, ಎಲ್ಲಿ, ಎಷ್ಟು ದಿನ ಎಂಬ ವಿವರಗಳೇ ಕಾಯಿಲೆಯತ್ತ ಬೊಟ್ಟು ಮಾಡುತ್ತವೆ.

ಎರಡನೆಯದು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಚಾಕೊಲೇಟ್ ಸಿಸ್ಟ್ ಇದರಲ್ಲಿ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ. ಯೋನಿಮಾರ್ಗದ ಮೂಲಕ ಮಾಡುವ ಸ್ಕ್ಯಾನಿಂಗ್ ಹೆಚ್ಚು ನಿಖರ. ಅವಿವಾಹಿತೆಯರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನಿಂಗ್ ಮಾಡಲಾಗುತ್ತದೆ. ಅದರಲ್ಲಿ ಸಣ್ಣ ಗಾಯಗಳು ತಪ್ಪಿಹೋಗಬಹುದು. ಕರುಳು, ಮೂತ್ರನಾಳಗಳತ್ತ ಆಳವಾಗಿ ಹರಡಿರುವ ಶಂಕೆ ಇದ್ದರೆ ಎಂ.ಆರ್.ಐ. ನೆರವಾಗುತ್ತದೆ.

ಇಲ್ಲಿ ನೆನಪಿಡಬೇಕಾದ ಮುಖ್ಯ ಅಂಶವೊಂದಿದೆ. ಪೊರೆಯ ಮೇಲೆ ಚದುರಿದ ತೆಳುವಾದ ಗಾಯಗಳು ಸ್ಕ್ಯಾನಿಂಗಿನಲ್ಲಿ ಕಾಣಿಸದೇ ಹೋಗಬಹುದು. ಆದುದರಿಂದ ವರದಿಯಲ್ಲಿ 'ಎಲ್ಲವೂ ಸಹಜ' ಎಂದು ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ತೀರ್ಮಾನಿಸಲಾಗದು. ಸಿಎ-125 ಎಂಬ ರಕ್ತಪರೀಕ್ಷೆಯನ್ನೂ ಕೆಲವರು ಮಾಡಿಸುತ್ತಾರೆ. ಕ್ಷಯ, ಗರ್ಭಕೋಶದ ಗಡ್ಡೆ ಮೊದಲಾದವುಗಳಲ್ಲೂ ಇದು ಏರುವುದರಿಂದ ಇದನ್ನೇ ನಂಬಿ ಕಾಯಿಲೆ ನಿರ್ಧರಿಸಬಾರದು. ಕಿಬ್ಬೊಟ್ಟೆಯ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇರುವುದರಿಂದ ಅದನ್ನು ಪ್ರತ್ಯೇಕವಾಗಿ ಪರಿಶೀಲಿಸುವುದೂ ಅಗತ್ಯ.

ಹೊಟ್ಟೆಗೆ ಸಣ್ಣ ರಂಧ್ರ ಕೊರೆದು ಕ್ಯಾಮರಾ ಇಳಿಸಿ ನೋಡುವ ಲ್ಯಾಪ್ರೊಸ್ಕೋಪಿಯೇ ಅಂತಿಮ ಪರೀಕ್ಷೆ ಎಂಬ ಅಭಿಪ್ರಾಯ ಬಹುಕಾಲ ಇತ್ತು. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘಟನೆಯು 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಇದನ್ನು ಬದಲಿಸಿತು. ಲಕ್ಷಣ ಮತ್ತು ಸ್ಕ್ಯಾನಿಂಗ್ ಆಧಾರದಲ್ಲೇ ಔಷಧ ಆರಂಭಿಸಬಹುದು. ಸ್ಕ್ಯಾನಿಂಗಿನಲ್ಲಿ ಏನೂ ಕಾಣದೆ ಔಷಧವೂ ಫಲಿಸದಿದ್ದಾಗ ಲ್ಯಾಪ್ರೊಸ್ಕೋಪಿ ಪರಿಗಣಿಸಬಹುದು ಎಂಬುದು ಅದರ ಸಾರ. ಆಪರೇಷನ್ನಿನ ಹೆದರಿಕೆಯಿಂದ ವೈದ್ಯರ ಬಳಿ ಹೋಗಲು ಹಿಂಜರಿಯುವವರಿಗೆ ಇದು ಸಮಾಧಾನದ ಸುದ್ದಿ.

ಔಷಧ ಚಿಕಿತ್ಸೆ

ಎಂಡೊಮೆಟ್ರಿಯೋಸಿಸ್ಸನ್ನು ಬುಡಸಮೇತ ಕಿತ್ತೊಗೆಯುವ ಔಷಧ ಇಲ್ಲ. ಆದರೆ ನೋವನ್ನು ಹತೋಟಿಯಲ್ಲಿಟ್ಟು ಬದುಕನ್ನು ಸುಗಮಗೊಳಿಸುವ ಔಷಧಗಳಿವೆ. ಯಾವುದನ್ನು ಆಯ್ದುಕೊಳ್ಳಬೇಕು ಎಂಬುದು ವಯಸ್ಸು, ನೋವಿನ ತೀವ್ರತೆ ಹಾಗೂ ಸದ್ಯಕ್ಕೆ ಮಗು ಬೇಕೇ ಎಂಬ ಪ್ರಶ್ನೆಯನ್ನು ಅವಲಂಬಿಸಿರುತ್ತದೆ.

ನೋವು ನಿವಾರಕಗಳು: ಐಬುಪ್ರೊಫೆನ್, ನೆಪ್ರೊಕ್ಸೆನ್, ಮೆಫೆನಾಮಿಕ್ ಆಸಿಡ್ ಮೊದಲಾದವು ಉರಿಯೂತ ತಗ್ಗಿಸುತ್ತವೆ. ಇವು ಕಾಯಿಲೆಯ ಬೆಳವಣಿಗೆ ತಡೆಯುವುದಿಲ್ಲ. ಬರಿಹೊಟ್ಟೆಯಲ್ಲಿ, ಅಳತೆ ಮೀರಿ ಸೇವಿಸಿದರೆ ಜಠರದ ಹುಣ್ಣು, ಮೂತ್ರಪಿಂಡದ ತೊಂದರೆ ಬರಬಹುದು. ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಉಂಟಾಗಬಹುದೆಂದು ಭಾರತೀಯ ಔಷಧ ಸಂಹಿತೆ ಆಯೋಗವು 2023ರ ನವೆಂಬರ್‌ನಲ್ಲಿ ಎಚ್ಚರಿಕೆ ನೀಡಿತ್ತು. ತಿಂಗಳು ತಿಂಗಳೂ ಹೆಚ್ಚು ಮಾತ್ರೆ ಬೇಕಾಗುತ್ತಿದ್ದರೆ ಅದೇ ವೈದ್ಯರನ್ನು ಕಾಣಬೇಕೆಂಬ ಸೂಚನೆ.

ಹಾರ್ಮೋನ್ ಮಾತ್ರೆಗಳು: ಈಸ್ಟ್ರೋಜನ್ ಹಾಗೂ ಪ್ರೊಜೆಸ್ಟಿನ್ ಎರಡೂ ಇರುವ ಗರ್ಭನಿರೋಧಕ ಮಾತ್ರೆಗಳು ಒಳಪದರ ಬೆಳೆಯದಂತೆ ತಡೆದು ನೋವು ಇಳಿಸುತ್ತವೆ. ರಕ್ತ ಹೆಪ್ಪುಗಟ್ಟುವ ತೊಂದರೆ, ಅಧಿಕ ರಕ್ತದೊತ್ತಡ, ಕೆಲವು ಬಗೆಯ ಮೈಗ್ರೇನ್ ಇರುವವರಿಗೆ ಇವು ಸಲ್ಲ. ಪ್ರೊಜೆಸ್ಟಿನ್ ಮಾತ್ರ ಇರುವ ಡೈನೋಜೆಸ್ಟ್ ಎಂಬ ಮಾತ್ರೆ ಭಾರತದಲ್ಲೂ ಬಳಕೆಯಲ್ಲಿದೆ. ಆರಂಭದ ತಿಂಗಳುಗಳಲ್ಲಿ ಅನಿಯಮಿತ ಸ್ರಾವ, ತಲೆನೋವು, ಮನಸ್ಸಿನ ಏರಿಳಿತ ಕಾಣಿಸಬಹುದು. ಇದನ್ನು ಸೇವಿಸುವಾಗ ಗರ್ಭ ನಿಲ್ಲುವುದೇ ಇಲ್ಲವೆಂದು ಭಾವಿಸಬಾರದು. ಎಂಡೊಮೆಟ್ರಿಯೋಸಿಸ್‌ಗೆ ಕೊಡುವ ಪ್ರಮಾಣಕ್ಕೆ ಗರ್ಭನಿರೋಧಕವೆಂಬ ಮಾನ್ಯತೆ ಇಲ್ಲ.

ಅವಿವಾಹಿತ ಮಗಳಿಗೆ 'ಗರ್ಭನಿರೋಧಕ ಮಾತ್ರೆ' ಬರೆದುಕೊಟ್ಟರೆಂದು ಪೋಷಕರು ಬೆಚ್ಚಿಬೀಳುವುದುಂಟು. ಇಲ್ಲಿ ಅದು ನೋವಿನ ಔಷಧ ಮಾತ್ರ. ಇದರಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯಕ್ಕೂ ಆಧಾರವಿಲ್ಲ. ಸಂಯುಕ್ತ ಮಾತ್ರೆಯಾಗಲಿ ಡೈನೋಜೆಸ್ಟ್ ಆಗಲಿ, ನಿಲ್ಲಿಸಿದ ಬಳಿಕ ಅಂಡೋತ್ಪತ್ತಿ ಮರಳುತ್ತದೆ.

ಗರ್ಭಕೋಶದೊಳಗಿನ ಸಾಧನ: ಲೆವೊನೊರ್ಜೆಸ್ಟ್ರೆಲ್ ಹಾರ್ಮೋನನ್ನು ಸ್ವಲ್ಪಸ್ವಲ್ಪವಾಗಿ ಬಿಡುಗಡೆ ಮಾಡುವ ಪುಟ್ಟ ಸಾಧನವನ್ನು ಅಳವಡಿಸಿದರೆ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸ ಮಾಡುತ್ತದೆ. ನಿತ್ಯ ಮಾತ್ರೆಯ ಗೊಡವೆ ಇರುವುದಿಲ್ಲ. ಸದ್ಯಕ್ಕೆ ಮಗು ಬೇಡವೆನ್ನುವವರಿಗೆ ಇದು ಅನುಕೂಲಕರ.

ಚುಚ್ಚುಮದ್ದು: ಮೇಲಿನವು ಫಲಿಸದಿದ್ದಾಗ ಲ್ಯೂಪ್ರೊಲೈಡ್‌ನಂತಹ ಚುಚ್ಚುಮದ್ದುಗಳ ಮೂಲಕ ಅಂಡಾಶಯದ ಕೆಲಸವನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಗುತ್ತದೆ. ಮೈ ಬಿಸಿಯೇರುವುದು, ನಿದ್ರಾಹೀನತೆ, ಮೂಳೆ ಸವೆತ ಇವುಗಳ ಅಡ್ಡಪರಿಣಾಮ. ಹೀಗಾಗಿ ಇವನ್ನು ಸೀಮಿತ ಅವಧಿಗೆ, ಮೂಳೆಯ ರಕ್ಷಣೆಗೆ ಬೇಕಾದ ಪೂರಕ ಹಾರ್ಮೋನಿನೊಂದಿಗೆ ಕೊಡುವುದು ವಾಡಿಕೆ. ಇದೇ ಕೆಲಸವನ್ನು ಬಾಯಿಯ ಮೂಲಕ ಮಾಡುವ ಎಲಗೊಲಿಕ್ಸ್ ಮಾತ್ರೆಗೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು.

ಈ ಎಲ್ಲ ಹಾರ್ಮೋನ್ ಔಷಧಗಳೂ ಸೇವಿಸುವಷ್ಟು ಕಾಲ ಗುಣ ತೋರುತ್ತವೆ. ನಿಲ್ಲಿಸಿದ ಬಳಿಕ ನೋವು ಮರುಕಳಿಸಬಹುದು. ಎರಡು ತಿಂಗಳು ಸೇವಿಸಿ 'ಕಡಿಮೆಯಾಯಿತು' ಎಂದು ತಾವೇ ಬಿಟ್ಟುಬಿಡುವುದು ಸರಿಯಲ್ಲ.

ಶಸ್ತ್ರಚಿಕಿತ್ಸೆ ಯಾವಾಗ?

ಔಷಧದಿಂದ ನೋವು ಹತೋಟಿಗೆ ಬಾರದಿದ್ದರೆ, ಸಿಸ್ಟ್ ದೊಡ್ಡದಾಗಿದ್ದರೆ, ಕರುಳು ಅಥವಾ ಮೂತ್ರನಾಳಕ್ಕೆ ತಡೆ ಉಂಟಾಗಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಲ್ಯಾಪ್ರೊಸ್ಕೋಪಿಯ ಮೂಲಕ ಗಾಯಗಳನ್ನು ಕತ್ತರಿಸಿ ತೆಗೆಯುವುದು ಅಥವಾ ಸುಡುವುದು, ಅಂಟಿಕೊಂಡ ಅಂಗಗಳನ್ನು ಬಿಡಿಸುವುದು ಇದರ ಗುರಿ. ಸಿಸ್ಟಿನ ದ್ರವವನ್ನು ಸೂಜಿಯಿಂದ ಹೀರಿ ತೆಗೆದರಷ್ಟೇ ಸಾಲದು, ಅದು ಮತ್ತೆ ತುಂಬಿಕೊಳ್ಳುತ್ತದೆ. ಅದರ ಗೋಡೆಯನ್ನೇ ತೆಗೆಯಬೇಕಾಗುತ್ತದೆ. ಆದರೆ ಆಗ ಅಂಡಾಶಯದ ಆರೋಗ್ಯವಂತ ಭಾಗವೂ ಸ್ವಲ್ಪ ನಷ್ಟವಾಗಿ ಅಂಡಾಣುಗಳ ಸಂಗ್ರಹ ಕುಗ್ಗಬಹುದು. ಮಗು ಬೇಕೆನ್ನುವವರು ಈ ವಿಷಯವನ್ನು ಮುಂಚಿತವಾಗಿ ವೈದ್ಯರೊಂದಿಗೆ ಚರ್ಚಿಸಬೇಕು. ಅಂಡಾಶಯಕ್ಕೆ ಪದೇ ಪದೇ ಶಸ್ತ್ರಚಿಕಿತ್ಸೆ ಮಾಡಿಸುವುದು ಹಿತವಲ್ಲ.

ಆಪರೇಷನ್ ಆದ ಬಳಿಕವೂ ಕಾಯಿಲೆ ಮರುಕಳಿಸುವ ಪ್ರಮಾಣ ಕಡಿಮೆಯೇನಲ್ಲ. ತಕ್ಷಣ ಗರ್ಭಧಾರಣೆ ಬಯಸದವರಿಗೆ ಶಸ್ತ್ರಚಿಕಿತ್ಸೆಯ ನಂತರ ಹಾರ್ಮೋನ್ ಔಷಧ ಮುಂದುವರಿಸುವುದು ಇದೇ ಕಾರಣಕ್ಕೆ. ಆಳವಾಗಿ ಹರಡಿದ ಕಾಯಿಲೆಗೆ ಸ್ತ್ರೀರೋಗ ತಜ್ಞರ ಜತೆ ಕರುಳು, ಮೂತ್ರಾಂಗದ ಶಸ್ತ್ರಚಿಕಿತ್ಸಕರೂ ಬೇಕಾಗುವುದರಿಂದ ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸುವುದೇ ಲೇಸು.

ಗರ್ಭಕೋಶ ತೆಗೆಸಿದರೆ ಮುಗಿಯಿತೇ?

"ಮಕ್ಕಳಾದವಲ್ಲ, ಇನ್ನೇಕೆ ಗರ್ಭಕೋಶ? ತೆಗೆಸಿಬಿಡಿ" ಎಂಬ ಸಲಹೆ ನೋವಿನಿಂದ ಬಳಲುವ ಮಹಿಳೆಯರಿಗೆ ನೆರೆಹೊರೆಯಿಂದಲೂ, ಕೆಲವೊಮ್ಮೆ ಆಸ್ಪತ್ರೆಯಿಂದಲೂ ಬರುವುದುಂಟು. ಎಂಡೊಮೆಟ್ರಿಯೋಸಿಸ್ ಗರ್ಭಕೋಶದ ಹೊರಗಿನ ಕಾಯಿಲೆ. ಹೊರಗಿನ ಗಾಯಗಳನ್ನು ಬಿಟ್ಟು ಗರ್ಭಕೋಶವನ್ನು ಮಾತ್ರ ತೆಗೆದರೆ ನೋವು ಉಳಿಯಬಹುದು. ಅದರೊಂದಿಗೆ ಅಂಡಾಶಯಗಳನ್ನೂ ತೆಗೆದರೆ ಅಕಾಲಿಕ ಋತುಬಂಧ ಬಂದು, ಮೂಳೆ ಹಾಗೂ ಹೃದಯದ ಆರೋಗ್ಯ ಕೆಡುವ ಸಂಭವವಿದೆ. ಬೇರಾವ ಚಿಕಿತ್ಸೆಯೂ ಫಲಿಸದ, ಇನ್ನು ಮಕ್ಕಳು ಬೇಡವೆಂದು ತಾವೇ ನಿರ್ಧರಿಸಿದವರಿಗೆ ಇದು ಕೊನೆಯ ಆಯ್ಕೆ.

ಈ ಎಚ್ಚರಿಕೆಗೆ ಕರ್ನಾಟಕದಲ್ಲಿ ವಿಶೇಷ ಕಾರಣವಿದೆ. ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ ಹಾಗೂ ದಲಿತ ಮಹಿಳೆಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂಬ ದೂರು 2015ರಲ್ಲಿ ರಾಜ್ಯದ ಗಮನ ಸೆಳೆದು ತನಿಖೆಗೂ ದಾರಿಯಾಯಿತು. ಹೊಟ್ಟೆನೋವು, ಬಿಳಿಸೆರಗಿನಂತಹ ದೂರು ಹೊತ್ತು ಹೋದವರಿಗೂ ಇದೇ ಚಿಕಿತ್ಸೆ ಆಗಿದೆ ಎಂಬುದು ಆರೋಪವಾಗಿತ್ತು. ಬೇರೆ ರಾಜ್ಯಗಳ ಇಂತಹುದೇ ಪ್ರಕರಣಗಳ ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ತೀರ್ಪು ನೀಡಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಗೆ ಕೇಂದ್ರ ಸರಕಾರ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಎಲ್ಲ ರಾಜ್ಯಗಳಿಗೆ ಸೂಚಿಸಿತು. ನೋವನ್ನು ಕಡೆಗಣಿಸುವುದು ಒಂದು ಅತಿಯಾದರೆ, ನೋವೆಂದ ಕೂಡಲೇ ಅಂಗವನ್ನೇ ತೆಗೆಯುವುದು ಇನ್ನೊಂದು ಅತಿ. ಎರಡರಲ್ಲೂ ಕಾಯಿಲೆ ಯಾವುದೆಂದು ಸರಿಯಾಗಿ ತಿಳಿಯುವ ಹಂತವೇ ತಪ್ಪಿಹೋಗಿರುತ್ತದೆ. ಇಂತಹ ಸಲಹೆ ಬಂದಾಗ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಪ್ರತಿಯೊಬ್ಬ ಮಹಿಳೆಯ ಹಕ್ಕು.

ಮಕ್ಕಳಾಗುವ ಪ್ರಶ್ನೆ

ಈ ಕಾಯಿಲೆ ಇರುವವರಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಮಂದಿಗೆ ಗರ್ಭಧಾರಣೆಯಲ್ಲಿ ತೊಡಕು ಕಂಡುಬರುತ್ತದೆಂಬ ಅಂದಾಜಿದೆ. ಅಂದರೆ ಉಳಿದವರು ವಿಶೇಷ ತೊಡಕಿಲ್ಲದೆ ತಾಯಂದಿರಾಗುತ್ತಾರೆ. ಎಂಡೊಮೆಟ್ರಿಯೋಸಿಸ್ ಎಂದರೆ ಬಂಜೆತನ ಎಂಬ ಸಮೀಕರಣ ತಪ್ಪು. ತೊಡಕು ಇದ್ದವರಿಗೂ ಲ್ಯಾಪ್ರೊಸ್ಕೋಪಿ, ಕೃತಕ ವೀರ್ಯಸೇಚನ, ಪ್ರನಾಳ ಶಿಶು ಚಿಕಿತ್ಸೆಯಂತಹ ಮಾರ್ಗಗಳಿವೆ. ವಯಸ್ಸು ಇಲ್ಲಿ ನಿರ್ಣಾಯಕ. ಮೂವತ್ತೈದು ದಾಟಿದವರು ಆರು ತಿಂಗಳ ಪ್ರಯತ್ನ ಫಲಿಸದಿದ್ದರೆ ತಡಮಾಡಬಾರದು. ಗಂಡನ ವೀರ್ಯ ಪರೀಕ್ಷೆಯೂ ಜತೆಯಲ್ಲೇ ಆಗಬೇಕು. ಹೆಂಡತಿಯಲ್ಲಿ ಕಾಯಿಲೆ ಪತ್ತೆಯಾಯಿತೆಂದು ಅದನ್ನು ಬಿಡುವಂತಿಲ್ಲ.

ಮದುವೆಯಾದರೆ, ಮಗುವಾದರೆ ಕಾಯಿಲೆ ಹೋಗುತ್ತದೆ ಎಂಬ ನಂಬಿಕೆಗೆ ಇಷ್ಟೇ ಆಧಾರ: ಬಸುರಿಯಾಗಿರುವಾಗ ಮುಟ್ಟು ನಿಲ್ಲುವುದರಿಂದ ಅನೇಕರಿಗೆ ನೋವು ಇಳಿದಿರುತ್ತದೆ. ಮುಟ್ಟು ಮರಳಿದಾಗ ನೋವೂ ಮರಳಬಹುದು. ಕಾಯಿಲೆಯ ಔಷಧವೆಂದು ಮದುವೆಯನ್ನು ಅವಸರಪಡಿಸುವುದು ಯಾರಿಗೂ ಒಳ್ಳೆಯದಲ್ಲ.

ಇದು ಕ್ಯಾನ್ಸರೇ ಎಂಬ ಆತಂಕವೂ ಸಾಮಾನ್ಯ. ಎಂಡೊಮೆಟ್ರಿಯೋಸಿಸ್ ಕ್ಯಾನ್ಸರ್ ಅಲ್ಲ. ಅಂಡಾಶಯದ ಕೆಲವು ಬಗೆಯ ಕ್ಯಾನ್ಸರಿನ ಅಪಾಯ ಇವರಲ್ಲಿ ಕೊಂಚ ಹೆಚ್ಚಾದರೂ ಒಟ್ಟು ಅಪಾಯ ಅತ್ಯಲ್ಪ.

ಎಲ್ಲಿ ಆರಂಭಿಸಬೇಕು?

ಹದಿಹರೆಯದವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹಾ ಕ್ಲಿನಿಕ್' ಎಂಬ ಸಮಾಲೋಚನಾ ವ್ಯವಸ್ಥೆ ಇದೆ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರು ಮೊದಲ ಸಂಪರ್ಕ. ಸ್ಥಳೀಯ ಸರಕಾರಿ ಆರೋಗ್ಯ ಕೇಂದ್ರದ ವೈದ್ಯರಿಂದ ಜಿಲ್ಲಾ ಮಟ್ಟದ ಆಸ್ಪತ್ರೆಗೆ, ಅಲ್ಲಿಂದ ವೈದ್ಯಕೀಯ ಕಾಲೇಜಿಗೆ ಶಿಫಾರಸು ಪಡೆಯಬಹುದು. 2018ರಲ್ಲಿ ಜಾರಿಯಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂ.ವರೆಗೆ ಚಿಕಿತ್ಸಾ ನೆರವು ಇದೆ. ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ, ತಮಗೆ ಹೇಳಿದ ಶಸ್ತ್ರಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ವೈದ್ಯರ ಬಳಿ ಹೋಗುವ ಮುನ್ನ ಎರಡು-ಮೂರು ತಿಂಗಳ ಲೆಕ್ಕವನ್ನು ಒಂದು ಪುಸ್ತಕದಲ್ಲೋ ಕ್ಯಾಲೆಂಡರಿನಲ್ಲೋ ಬರೆದಿಡುವುದು ಬಹಳ ಉಪಯುಕ್ತ. ಮುಟ್ಟು ಆರಂಭವಾದ ಹಾಗೂ ಮುಗಿದ ದಿನ, ನೋವಿದ್ದ ದಿನಗಳು, ಸೊನ್ನೆಯಿಂದ ಹತ್ತರೊಳಗೆ ಅದರ ತೀವ್ರತೆ, ನುಂಗಿದ ಮಾತ್ರೆಗಳ ಹೆಸರು ಮತ್ತು ಸಂಖ್ಯೆ, ತಪ್ಪಿದ ತರಗತಿ ಅಥವಾ ಕೆಲಸದ ದಿನಗಳು, ಮಲಮೂತ್ರದ ವೇಳೆ ನೋವು ಇತ್ತೇ ಎಂಬ ವಿವರ ಇದ್ದರೆ ಸಾಕು. ಹೊರರೋಗಿ ವಿಭಾಗದ ಕೆಲವೇ ನಿಮಿಷಗಳಲ್ಲಿ ಬಾಯಲ್ಲಿ ಹೇಳಲಾಗದ್ದನ್ನು ಈ ಹಾಳೆ ಹೇಳುತ್ತದೆ. ಹಳೆಯ ಸ್ಕ್ಯಾನಿಂಗ್ ವರದಿಗಳನ್ನೂ ಜತೆಗೆ ಒಯ್ಯಬೇಕು. ನಿಯಮಿತ ವ್ಯಾಯಾಮ, ಶಾಖ, ಸಾಕಷ್ಟು ನಿದ್ರೆ ನೋವನ್ನು ಸಹಿಸಲು ನೆರವಾಗುತ್ತವೆ. ಆದರೆ ಇವು ಚಿಕಿತ್ಸೆಗೆ ಪರ್ಯಾಯವಲ್ಲ.

ಕಾನೂನಿನ ಮಟ್ಟದಲ್ಲೂ ಒಂದು ಹೆಜ್ಜೆ ಮೂಡಿದೆ. ಮಹಿಳಾ ಉದ್ಯೋಗಿಗಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಋತುಚಕ್ರ ರಜೆ ನೀಡುವ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಮುಟ್ಟಿನ ನೋವು ಸರಕಾರಿ ಕಡತದಲ್ಲಿ ಮಾತಿಗೆ ಬಂದದ್ದೇ ಗಮನಾರ್ಹ. ಮನೆಯಲ್ಲಿ ಕುಳಿತು ಲೆಕ್ಕದ ಮೇಲೆ ಬೀಡಿ ಕಟ್ಟುವವಳಿಗೆ ಇಂತಹ ರಜೆಯ ಫಲ ತಲುಪುವುದು ಸುಲಭವಲ್ಲ. ಇನ್ನು ರಜೆ ಸಿಕ್ಕವರೂ ಪ್ರತಿ ತಿಂಗಳು ಅದನ್ನು ನೋವಿಗಾಗಿಯೇ ಬಳಸಬೇಕಾಗಿ ಬಂದರೆ, ಒಂದು ದಿನವನ್ನು ವೈದ್ಯರ ಭೇಟಿಗೆ ಮೀಸಲಿಡುವುದು ಜಾಣತನ. ಹದಿನಾರರ ಹರೆಯದಲ್ಲಿ ಕೇಳಿಸಿಕೊಂಡ ನೋವಿಗೆ ಅನೇಕ ವೇಳೆ ಮಾತ್ರೆಯೇ ಸಾಕಾದೀತು. ಅದೇ ನೋವನ್ನು ಮೂವತ್ತರವರೆಗೆ ಮುಚ್ಚಿಟ್ಟರೆ ಆಯ್ಕೆಗಳು ಕಡಿಮೆಯಾಗುತ್ತವೆ.